ಹಿರಿಯರ ಲಸಿಕೆಗೆ ವಿಮೆ ಕೊಡುತ್ತದೆಯೇ?

ಪಯ್ಯಂಪಳ್ಳಿ ಎಂಬ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರು 2024ರ ಫೆಬ್ರವರಿ ತಿಂಗಳ ಪತ್ರಿಕೆಗಳಲ್ಲಿ ಓದಿರಬಹುದು. ಕರ್ನಾಟಕದ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ತೊಡಿಸಿ ಕಾಡಿಗೆ ಬಿಟ್ಟಿದ್ದ 'ಬೇಲೂರು ಮಖ್ನಾ' ಎಂಬ ಆನೆ ಗಡಿ ದಾಟಿ ಹೋಗಿ, ಆ ತಿಂಗಳ 10ರ ಬೆಳಿಗ್ಗೆ ಮನೆಯೊಂದರ ಆವರಣಕ್ಕೆ ನುಗ್ಗಿ ಒಬ್ಬರ ಪ್ರಾಣ ತೆಗೆದದ್ದು ಈ ಊರಿನ ಬಳಿಯಲ್ಲೇ. ವಯನಾಡು ಜಿಲ್ಲೆಯ ಮಾನಂದವಾಡಿಯಿಂದ ಕುರುವಾ ದ್ವೀಪದ ಕಡೆಗೆ ಹೋಗುವಾಗ ಪಯ್ಯಂಪಳ್ಳಿ ಸಿಗುತ್ತದೆ. ಕಾಫಿ, ಕಾಳುಮೆಣಸು, ಅಡಿಕೆ, ನಡುನಡುವೆ ಗದ್ದೆ. ಸಂತ ಕ್ಯಾಥರಿನರ ದೇವಾಲಯ, ಅದರ ಶಾಲೆ. ನಾವು ಗುರುಮಠದಲ್ಲಿದ್ದಾಗ ನಮ್ಮ ಜೊತೆ ಓದಿದ ಗೆಳೆಯರೊಬ್ಬರ ಮನೆ ಅಲ್ಲಿದೆ. ಈಸ್ಟರ್ ಹಬ್ಬ ಮುಗಿದ ವಾರ, ಅವರ ಜೊತೆ ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ದಾರಿಯಾಗಿ ನಾವು ಅಲ್ಲಿಗೆ ಹೋಗಿದ್ದೆವು.

ಹೋದದ್ದು ಅಮ್ಮಚ್ಚಿಯನ್ನು ನೋಡಲು. ಗೆಳೆಯರ ತಾಯಿಯವರನ್ನು ನಾವೂ ಅಮ್ಮಚ್ಚಿ ಎಂದೇ ಕರೆಯುವುದು. ವಯಸ್ಸು 79. ತಿರುವಾಂಕೂರಿನಿಂದ ವಯನಾಡಿಗೆ ಜನ ವಲಸೆ ಬಂದ ಕಾಲದಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು ಬಂದವರು. ಆಗ ಈ ಮಣ್ಣಿನಲ್ಲಿ ಮಲೇರಿಯಾ ಜ್ವರಕ್ಕೆ ಸಿಕ್ಕಿ ಸತ್ತವರ ಲೆಕ್ಕ ಅವರ ಬಾಯಲ್ಲೇ ಕೇಳಬೇಕು. ಅವರ ಎಡ ತೋಳಿನ ಮೇಲೆ ಸಿಡುಬಿನ ದಾಕಿನ ಗುರುತು ನಾಲ್ಕಾಣೆಯಷ್ಟು ಅಗಲ ಇನ್ನೂ ಇದೆ. ಅದೇ ಅವರು ಹಾಕಿಸಿಕೊಂಡ ಮೊದಲ ಲಸಿಕೆ. ಅದಾದ ಮೇಲೆ 2021ರಲ್ಲಿ ಹಾಕಿಸಿಕೊಂಡ ಕೋವಿಡ್ ಲಸಿಕೆಯೇ ಅವರ ನೆನಪಿನಲ್ಲಿರುವುದು.

ಕಳೆದ ವರ್ಷ ಮಳೆಗಾಲದಲ್ಲಿ ಅಮ್ಮಚ್ಚಿಗೆ ಮೊದಲು ನೆಗಡಿ, ಆಮೇಲೆ ಜ್ವರ, ನಾಲ್ಕನೆಯ ದಿನಕ್ಕೆ ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆ, ಅದರಲ್ಲಿ ಮೂರು ದಿನ ಐಸಿಯು. ಬಿಲ್ಲು ಒಂದು ಲಕ್ಷ ದಾಟಿತ್ತು. ಗೆಳೆಯರ ಅಣ್ಣ ತಮ್ಮ ಕುಟುಂಬಕ್ಕೆಂದು ಮಾಡಿಸಿದ್ದ ಆರೋಗ್ಯ ವಿಮೆಯಲ್ಲಿ ತಾಯಿಯ ಹೆಸರೂ ಇದ್ದುದರಿಂದ ಅದರ ಬಹುಪಾಲನ್ನು ವಿಮೆಯವರೇ ಕಟ್ಟಿದರು. ಗ್ಲೌಸು, ಮಾಸ್ಕು, ಇಂಥದ್ದಕ್ಕೆಲ್ಲ ಕಡಿತ ಮಾಡಿ ಉಳಿದದ್ದನ್ನು ಮನೆಯವರು ಕೊಟ್ಟರು. ಇಲ್ಲಿಯವರೆಗೆ ಎಲ್ಲವೂ ಸರಿ.

ಬಿಡುಗಡೆಯ ದಿನ ವೈದ್ಯರು ಒಂದು ಚೀಟಿ ಬರೆದುಕೊಟ್ಟಿದ್ದರು. ಅಮ್ಮಚ್ಚಿ ಚೇತರಿಸಿಕೊಂಡ ಮೇಲೆ ನ್ಯುಮೋನಿಯಾ ಲಸಿಕೆ ಹಾಕಿಸಬೇಕು, ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು ಎಂದು. ಅಣ್ಣ ಆ ಚೀಟಿಯ ಫೋಟೋ ತೆಗೆದು ವಿಮೆಯ ಏಜೆಂಟರಿಗೆ ಕಳಿಸಿದರು. "ಲಸಿಕೆ ಪಾಲಿಸಿಯಲ್ಲಿ ಬರುವುದಿಲ್ಲ" ಎಂದು ಎರಡೇ ನಿಮಿಷದಲ್ಲಿ ಉತ್ತರ ಬಂತು. ಚೀಟಿ ಪಾಲಿಸಿಯ ಫೈಲಿಗೆ ಸೇರಿತು. ನಾವು ಹೋದಾಗಲೂ ಅದು ಅಲ್ಲಿಯೇ ಇತ್ತು. ಮುಂದಿನ ಮಳೆಗಾಲಕ್ಕೆ ಉಳಿದದ್ದು ಒಂದೂವರೆ ತಿಂಗಳು.

ಈ ಚೀಟಿಯ ವಿಷಯ ನಮಗೆ ತಿಳಿದದ್ದು ಊಟದ ಹೊತ್ತಿನಲ್ಲಿ, ಇಂಗ್ಲೆಂಡಿನಿಂದ ಬಂದ ಫೋನಿನಿಂದ. ಗೆಳೆಯರ ತಂಗಿ ಅಲ್ಲಿ ನರ್ಸ್ ಆಗಿದ್ದಾರೆ. "ಚೇಟ್ಟಾ, ಅಮ್ಮನಿಗೆ ಆ ಇಂಜೆಕ್ಷನ್ ಹಾಕಿಸಿದಿರಾ?" ಎಂದು ಅವರು ಕೇಳಿದ್ದಕ್ಕೆ ಅಣ್ಣ, "ಇನ್ಶೂರೆನ್ಸಿನಲ್ಲಿ ಇಲ್ಲ" ಎಂದರು. "ಇಲ್ಲದಿದ್ದರೆ?" ಎಂದು ಆ ಕಡೆಯಿಂದ ಪ್ರಶ್ನೆ. ಇವರಿಂದ ಉತ್ತರವಿಲ್ಲ. ಆಮೇಲೆ ಮಲಯಾಳದಲ್ಲಿ ನಡೆದ ಮಾತು ನಮಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದಷ್ಟನ್ನು ಇಲ್ಲಿ ಬರೆಯುವುದೂ ಸರಿಯಲ್ಲ. ದೂರದಲ್ಲಿರುವ ಮಕ್ಕಳಿಗೆ ಆತಂಕ, ಹತ್ತಿರವಿದ್ದು ನೋಡಿಕೊಳ್ಳುವವರಿಗೆ ಆಯಾಸ. ಇಂಥ ಫೋನುಗಳು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಿಗೆ ಬರುತ್ತವೆ.

ಪ್ರಿಯ ಓದುಗರೇ, ಆ ಅಣ್ಣ ಜಿಪುಣರೂ ಅಲ್ಲ, ತಾಯಿಯನ್ನು ಕಡೆಗಣಿಸಿದವರೂ ಅಲ್ಲ. 'ವಿಮೆಯಲ್ಲಿ ಬರುವುದಿಲ್ಲ' ಎಂಬ ಮಾತು ಅವರ ಕಿವಿಗೆ 'ಅಷ್ಟೇನೂ ಮುಖ್ಯವಲ್ಲ' ಎಂದು ಕೇಳಿಸಿತ್ತು. ವೈದ್ಯರು ಬೇಕು ಎಂದದ್ದನ್ನು ಏಜೆಂಟರು ಬೇಡವೆಂದರು ಎಂಬಂತೆ ಆಗಿಬಿಟ್ಟಿತ್ತು. ಪಾಪ, ಏಜೆಂಟರು ಹೇಳಿದ್ದು ಹಣದ ಮಾತು ಮಾತ್ರ. ಈ ಎರಡು ಮಾತುಗಳು ಎಲ್ಲಿ ಬೆರೆತುಹೋಗುತ್ತವೆ ಎಂಬುದನ್ನು ಬಿಡಿಸಿ ನೋಡಬೇಕೆಂದೇ ನಾವು ಈ ಲೇಖನ ಬರೆಯುತ್ತಿರುವುದು.

ವಿಮೆ ಯಾವುದಕ್ಕೆ, ಲಸಿಕೆ ಯಾವುದಕ್ಕೆ

ನಮ್ಮ ದೇಶದ ಆರೋಗ್ಯ ವಿಮೆ ಹುಟ್ಟಿದ್ದೇ ಆಸ್ಪತ್ರೆಯಲ್ಲಿ ಮಲಗುವವರಿಗಾಗಿ. ಒಳರೋಗಿಯಾಗಿ ದಾಖಲಾದರೆ ಹಣ ಉಂಟು. ಹೊರರೋಗಿ ವಿಭಾಗದಲ್ಲಿ ತೋರಿಸಿ, ಮದ್ದು ತೆಗೆದುಕೊಂಡು ಮನೆಗೆ ಬಂದರೆ ಹೆಚ್ಚಿನ ಪಾಲಿಸಿಗಳಲ್ಲಿ ಇಲ್ಲ. ಲಸಿಕೆ ಹಾಕಿಸಿಕೊಳ್ಳಲು ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲವಲ್ಲ! ಅಲ್ಲದೆ ಅನೇಕ ಪಾಲಿಸಿಗಳಲ್ಲಿ 'ಯಾವ ವೆಚ್ಚ ಕೊಡುವುದಿಲ್ಲ' ಎಂಬ ಪಟ್ಟಿಯಲ್ಲಿ ಲಸಿಕೆಯನ್ನು ಹೆಸರು ಹಿಡಿದೇ ಬರೆದಿರುತ್ತಾರೆ.

ಸರಕಾರದ ಕಾರ್ಡುಗಳ ಕಥೆಯೂ ಇದೇ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ. ಕರ್ನಾಟಕದಲ್ಲಿ ಅದು 'ಆರೋಗ್ಯ ಕರ್ನಾಟಕ'ದ ಜೊತೆ ಸೇರಿತು, ಕೇರಳದಲ್ಲಿ 'ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ'ಯಾಯಿತು. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ನಂತರದ 15 ದಿನಗಳ ಔಷಧ-ಪರೀಕ್ಷೆಗಳೂ ಅದರಲ್ಲಿ ಸೇರುತ್ತವೆ. 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ, ಬಡವ-ಬಲ್ಲಿದ ಎನ್ನದೆ, ಈ ಯೋಜನೆಯನ್ನು ವಿಸ್ತರಿಸಿ 'ವಯ ವಂದನಾ' ಎಂಬ ಕಾರ್ಡನ್ನು ಪ್ರಕಟಿಸಲಾಯಿತು. ಹಿರಿಯರಿಗೆ ಇದು ದೊಡ್ಡ ಆಸರೆ. ಆದರೆ ಹೊರರೋಗಿ ವೆಚ್ಚ ಇದರಲ್ಲೂ ಇಲ್ಲ. ಮುಂಜಾಗ್ರತೆಯ ಲಸಿಕೆಗೆ ಈ ಕಾರ್ಡು ತೋರಿಸಿ ಉಪಯೋಗವಿಲ್ಲ.

ಊಟವಾದ ಮೇಲೆ ನಾವು ಜಗಲಿಯಲ್ಲಿ ಕುಳಿತು ಇದನ್ನೇ ಅಣ್ಣನವರ ಜೊತೆ ಮಾತನಾಡುತ್ತಿದ್ದೆವು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ವಯನಾಡಿನ ಅನೇಕ ರೈತರಂತೆ ಅವರೂ ಎಚ್.ಡಿ. ಕೋಟೆಯ ಕಡೆ ಜಮೀನು ಗುತ್ತಿಗೆಗೆ ಹಿಡಿದು ಹಲವು ವರ್ಷ ಶುಂಠಿ ಬೆಳೆದವರು. "ಅಚ್ಚಾ," ಎಂದರು. ಅಲ್ಲಿ ಗುರುಗಳನ್ನು ಕರೆಯುವುದು ಹಾಗೆ. "ಮಳೆ ಬಂದು ಬೆಳೆ ಹೋದರೆ ವಿಮೆ ಕೊಡ್ತಾರೆ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೀತೀವಲ್ಲ, ಅದಕ್ಕೆ ಯಾರು ಕೊಡ್ತಾರೆ? ಹಾಗೇ ಇದು."

"ಬೋರ್ಡೋ ಹೊಡೆಯುವುದನ್ನು ಯಾವ ವರ್ಷವಾದರೂ ಬಿಟ್ಟಿದ್ದೀರಾ?" ಎಂದು ಗೆಳೆಯರು ಕೇಳಿದರು.

ಅಣ್ಣ ನಕ್ಕರು. ಆಮೇಲೆ ನಗು ನಿಂತಿತು. ಎದ್ದು ಒಳಗೆ ಹೋಗಿ ಫೈಲು ತಂದರು.

ಕೃಷಿಕರೊಬ್ಬರು ಒಂದು ಮಾತಿನಲ್ಲಿ ಹೇಳಿದ ಇದನ್ನೇ ವಿಮೆಯವರು ಸುತ್ತಿಬಳಸಿ ಹೇಳುತ್ತಾರೆ. ಬರಬಹುದು, ಬಾರದಿರಬಹುದು ಎಂಬ ಆಪತ್ತಿಗೆ ಸಾವಿರಾರು ಜನ ಹಣ ಕೂಡಿಹಾಕುವುದೇ ವಿಮೆ. ಲಸಿಕೆಯ ಖರ್ಚು ಹಾಗಲ್ಲ, ಹಾಕಿಸಿಕೊಳ್ಳುವ ಪ್ರತಿಯೊಬ್ಬರಿಗೂ ಖಚಿತವಾಗಿ ಬರುವಂಥದ್ದು. ಅದನ್ನು ಕೊಡುವುದಾದರೆ ಪ್ರೀಮಿಯಂನಲ್ಲೇ ಸೇರಿಸಬೇಕಾಗುತ್ತದೆ ಎಂಬುದು ಅವರ ವಾದ. ಈ ವರ್ಷ ಲಸಿಕೆಗೆ ಕೊಟ್ಟ ಗ್ರಾಹಕ ಮುಂದಿನ ವರ್ಷ ಬೇರೆ ಕಂಪನಿಗೆ ಹೋದರೆ ಲಾಭ ಆ ಕಂಪನಿಗೆ ತಾನೆ ಎಂಬ ಲೆಕ್ಕವೂ ಒಳಗೊಳಗೆ ಇದ್ದೀತು. ಖಾಸಗಿ ಕಂಪನಿಯ ಮಟ್ಟಿಗೆ ಈ ವಾದ ಒಪ್ಪಬಹುದೇನೋ. ಆದರೆ ಸರಕಾರವೇ ಹಣ ಕೊಡುವ ಯೋಜನೆಯಲ್ಲಿ ಹಿರಿಯರು ಎಲ್ಲಿಗೂ 'ಬಿಟ್ಟುಹೋಗುವುದಿಲ್ಲ'. ನ್ಯುಮೋನಿಯಾ ಆದ ಮೇಲೆ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವ ಕಾರ್ಡು, ಆಗದಿರಲೆಂದು ಹಾಕಿಸುವ ಲಸಿಕೆಗೆ ಕೆಲವು ಸಾವಿರ ಏಕೆ ಕೊಡಬಾರದು ಎಂದು ಕೇಳುವುದು ನ್ಯಾಯವೆಂದೇ ನಮಗೆ ತೋರುತ್ತದೆ.

ಬೇರೆ ದೇಶಗಳಲ್ಲಿ ಕೊಡುತ್ತಾರೆ. ಅಮೆರಿಕದಲ್ಲಿ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್ 1981ರಿಂದ ನ್ಯುಮೋನಿಯಾ ಲಸಿಕೆಗೆ, 1993ರಿಂದ ಫ್ಲೂ ಲಸಿಕೆಗೆ ಹಣ ಕೊಡುತ್ತಿದೆ. ಸರ್ಪಸುತ್ತಿನ ಲಸಿಕೆಗೆ ಮಾತ್ರ ಹಿರಿಯರು ಕೈಯಿಂದ ಸ್ವಲ್ಪ ಕೊಡಬೇಕಾಗಿತ್ತು. 2023ರ ಜನವರಿ 1ರಿಂದ ಅದನ್ನೂ ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿ ವಿಮೆಯ ಪ್ರಶ್ನೆಯೇ ಇಲ್ಲ. 65 ತುಂಬಿದವರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಸರಕಾರದ ಆರೋಗ್ಯ ಸೇವೆಯಲ್ಲೇ ಉಚಿತ. ಅಮ್ಮಚ್ಚಿಯ ಮಗಳು ಅಲ್ಲಿ ಪರರ ತಾಯಂದಿರಿಗೆ ಸೂಜಿ ಹಾಕಿ ಬಂದು ತನ್ನ ತಾಯಿಗೆ ಫೋನ್ ಮಾಡುತ್ತಿದ್ದರು. ಅವರ ಸಿಟ್ಟು ಆಮೇಲೆ ನಮಗೆ ಅರ್ಥವಾಯಿತು.

ನಮ್ಮಲ್ಲಿಯೂ ದೊಡ್ಡವರಿಗೆ ಸರಕಾರ ಲಸಿಕೆ ಹಾಕಿದ್ದೇ ಇಲ್ಲ ಎಂದಲ್ಲ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಕೋವಿಡ್ ಲಸಿಕೆ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಕ್ಕಿತು. ಅದಕ್ಕೂ ಹಿಂದಿನ ಉದಾಹರಣೆ ನಮ್ಮ ಮಲೆನಾಡಿನದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಆಮೇಲೆ ವಯನಾಡಿಗೂ ಬಂತು, 2015ರಲ್ಲಿ ಅಲ್ಲಿಯ ಆದಿವಾಸಿಗಳನ್ನು ಬಹಳವಾಗಿ ಕಾಡಿತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಅದರ ಲಸಿಕೆಯನ್ನು ಕಾಡಂಚಿನ ಹಳ್ಳಿಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಉಚಿತವಾಗಿ ಹಾಕುತ್ತಿದ್ದರು. ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದ್ದಾರೆ, ಆ ಮಾತು ಬೇರೆ. ಆದರೆ ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಇವುಗಳ ಲಸಿಕೆ ಹಿರಿಯರಿಗಾಗಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಅದು ಮುಖ್ಯವಾಗಿ ಮಕ್ಕಳದು ಮತ್ತು ಗರ್ಭಿಣಿಯರದು.

ಯಾವ ಲಸಿಕೆ, ಎಷ್ಟು ಖರ್ಚು

ಫ್ಲೂ ವೈರಾಣು ವರ್ಷವರ್ಷವೂ ವೇಷ ಬದಲಿಸುವುದರಿಂದ ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಹಾಕಿಸಿದ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕಾದ್ದರಿಂದ ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಾಕಿಸುವುದು ಒಳ್ಳೆಯದು. ಬೆಲೆ ಸುಮಾರು ಒಂದೂವರೆ-ಎರಡು ಸಾವಿರ. ನ್ಯುಮೋನಿಯಾ ಲಸಿಕೆ ಎಂದು ನಾವು ಹೇಳುವುದು ಎಲ್ಲಾ ನ್ಯುಮೋನಿಯಾವನ್ನೂ ತಡೆಯುವುದಿಲ್ಲ. ನ್ಯುಮೋಕಾಕಸ್ ಎಂಬ ರೋಗಾಣುವಿನಿಂದ ಬರುವುದನ್ನು, ಅದರಲ್ಲೂ ತೀವ್ರವಾಗುವುದನ್ನು ತಗ್ಗಿಸುತ್ತದೆ. ಒಂದೇ ಸಲ ಹಾಕುವ ಬಗೆಯೂ ಇದೆ, ಒಂದರ ನಂತರ ಇನ್ನೊಂದು ಹಾಕುವ ಕ್ರಮವೂ ಇದೆ. ನಿಮ್ಮ ವೈದ್ಯರು ನಿರ್ಧರಿಸಲಿ. ಅದಕ್ಕೆ ಸುಮಾರು ಮೂರು-ನಾಲ್ಕು ಸಾವಿರ. ಸಕ್ಕರೆ ಕಾಯಿಲೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರಿಗೆ ಈ ಎರಡೂ ಹೆಚ್ಚು ಅಗತ್ಯ.

ಸರ್ಪಸುತ್ತಿನ ಬಗ್ಗೆ ನಮ್ಮ ಮನೆಯದೇ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಬೆನ್ನಿನಿಂದ ಪಕ್ಕೆಯವರೆಗೆ ಬೊಕ್ಕೆ ಎದ್ದಿತ್ತು. ತಲೆ-ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎಂದು ನೆರೆಹೊರೆಯವರು ಹೆದರಿಸಿದರು. ಅದು ಮೂಢನಂಬಿಕೆ, ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ ವೈರಾಣು ನರಗಳಲ್ಲಿ ಅಡಗಿದ್ದು ಮುಪ್ಪಿನಲ್ಲಿ ಎದ್ದರೆ ಆಗುವುದೇ ಸರ್ಪಸುತ್ತು. ಬೊಕ್ಕೆ ಮೂರು ವಾರಕ್ಕೆ ಒಣಗಿತು. ಉರಿ ಮಾತ್ರ ಎಂಟು ತಿಂಗಳು ಬಿಡಲಿಲ್ಲ. ಸೀರೆಯ ಅಂಚು ತಾಗಿದರೂ ಅವರು ಅಳುತ್ತಿದ್ದರು. ಇದಕ್ಕೊಂದು ಲಸಿಕೆ 2023ರಿಂದ ನಮ್ಮ ದೇಶದಲ್ಲೂ 50 ದಾಟಿದವರಿಗೆ ಸಿಗುತ್ತದೆ ಎಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಎರಡು ಡೋಸು, ಒಂದೊಂದಕ್ಕೆ ಹತ್ತು ಸಾವಿರದ ಆಸುಪಾಸು. ದುಬಾರಿ, ಒಪ್ಪಿದೆವು. ಎಲ್ಲ ಮನೆಗಳಿಗೂ ಆಗುವ ಮಾತಲ್ಲ. ಆದರೆ ಆ ಎಂಟು ತಿಂಗಳನ್ನು ನೋಡಿದ ನಾವು ಅದನ್ನು ಬೇಡವೆಂದು ಹೇಳಲಾರೆವು.

ಹಾಗಾದರೆ ವಿಮೆಯಲ್ಲಿ ಲಸಿಕೆಗೆ ಏನೂ ಇಲ್ಲವೇ? ಸ್ವಲ್ಪ ಇದೆ, ಹುಡುಕಬೇಕು. ಹೆಚ್ಚಿನ ಪಾಲಿಸಿಗಳು ಲಸಿಕೆಯನ್ನು ಹೊರಗಿಟ್ಟರೂ 'ಪ್ರಾಣಿ ಕಚ್ಚಿದ ನಂತರದ್ದು ಹೊರತು' ಎಂದು ಬರೆದಿರುತ್ತವೆ. ಇಷ್ಟರಿಂದಲೇ ನಾಯಿ ಕಚ್ಚಿದ್ದಕ್ಕೆ ಹಣ ಬಂದೇ ಬರುತ್ತದೆ ಎಂದುಕೊಳ್ಳಬೇಡಿ. ಹೊರರೋಗಿಯಾಗಿ ಹಾಕಿಸಿದರೆ ಕೊಡುತ್ತಾರೆಯೇ ಎಂದು ಬೇರೆಯಾಗಿ ಕೇಳಬೇಕು. ಅಂದಹಾಗೆ ಈ ಒಂದು ಲಸಿಕೆಗೆ ವಿಮೆಯ ದಾರಿ ಕಾಯಲೇಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಉಚಿತ. ಕೆಲವು ಪಾಲಿಸಿಗಳಲ್ಲಿ ಹೆರಿಗೆಯ ಸೌಲಭ್ಯದ ಜೊತೆ ನವಜಾತ ಶಿಶುವಿನ ಲಸಿಕೆಗೆ ಮಿತಿಯೊಳಗೆ ಹಣ ಕೊಡುತ್ತಾರೆ. ಇನ್ನು ಕೆಲವು ಕಂಪನಿಗಳು ಹೆಚ್ಚಿನ ಪ್ರೀಮಿಯಂ ಪಡೆದು ಹೊರರೋಗಿ ವೆಚ್ಚದ ಸೌಲಭ್ಯ ಮಾರುತ್ತವೆ. ಅದರಲ್ಲಿ ದೊಡ್ಡವರ ಲಸಿಕೆ ಸೇರಿದೆಯೇ, ವರ್ಷಕ್ಕೆ ಎಷ್ಟು ರೂಪಾಯಿಯವರೆಗೆ ಎಂದು ಬರಹದಲ್ಲಿ ಕೇಳಿ. ಎರಡು ಸಾವಿರದ ಲಸಿಕೆಗಾಗಿ ಐದು ಸಾವಿರ ಹೆಚ್ಚು ಪ್ರೀಮಿಯಂ ಕಟ್ಟುವುದು ಜಾಣತನವಲ್ಲ.

ಕೇಳುವುದು ಹೇಗೆ? ಪಾಲಿಸಿಯ ಸಣ್ಣಕ್ಷರದ ಇಂಗ್ಲಿಷ್ ಓದಿ ಕಣ್ಣು ಕೆಡಿಸಿಕೊಳ್ಳಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಆದೇಶದಂತೆ 2024ರ ಜನವರಿ 1ರಿಂದ ಪ್ರತಿ ಆರೋಗ್ಯ ಪಾಲಿಸಿಯ ಜೊತೆ ಸರಳ ಮಾತಿನ ಗ್ರಾಹಕ ಮಾಹಿತಿ ಪತ್ರವನ್ನು ಹೊಸ ನಮೂನೆಯಲ್ಲಿ ಕೊಡಬೇಕು. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಎಷ್ಟು ಕಾಲ ಕಾಯಬೇಕು ಎಲ್ಲವೂ ಅದರಲ್ಲಿರುತ್ತದೆ. ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಲು ನಾವೇಕೆ ಸಂಕೋಚಪಡಬೇಕು? ಹೊಸ ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ, ಬೇಡವೆನಿಸಿದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ಅಮ್ಮಚ್ಚಿಯ ಫೈಲಿನಲ್ಲಿಯೂ ಆ ಪತ್ರವಿತ್ತು. ಅದನ್ನು ಅಲ್ಲಿಯವರೆಗೆ ಯಾರೂ ತೆರೆದಿರಲಿಲ್ಲ.

ಅದೇ ಫೈಲಿನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಳೆಯ ರಸೀದಿಯಲ್ಲಿ ಪ್ರೀಮಿಯಂ 31,000 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 5,580. ಕುಟುಂಬಗಳು ತಾವೇ ಮಾಡಿಸುವ ಆರೋಗ್ಯ ವಿಮೆಯ ಮೇಲಿನ ಈ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ಧರ್ಮಪ್ರಾಂತ್ಯದ ಗುಂಪು ವಿಮೆಯಲ್ಲಿರುವ ನಮ್ಮಂಥವರಿಗೆ ಉಳಿತಾಯವಿಲ್ಲ, ಇರಲಿ. ಅಣ್ಣ ಹೊಸ ರಸೀದಿಯನ್ನು ಪಕ್ಕದಲ್ಲಿಟ್ಟು ನೋಡಿದರು. ತೆರಿಗೆಯಲ್ಲಿ ಉಳಿದ ಐದೂವರೆ ಸಾವಿರದಲ್ಲಿ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಎರಡಕ್ಕೂ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಅಷ್ಟರಲ್ಲಿ ಇಂಗ್ಲೆಂಡಿನಿಂದ ಮತ್ತೆ ಫೋನು, ಹಣ ನಾನು ಕಳಿಸುತ್ತೇನೆ ಎಂದು. "ಬೇಡ, ಮುಂದಿನ ವರ್ಷದ್ದು ನೀನು ಕೊಡು" ಎಂದರು ಅಣ್ಣ.

ಅಮ್ಮಚ್ಚಿ ಇದನ್ನೆಲ್ಲ ಕೇಳುತ್ತಾ ಬಾಗಿಲ ಬಳಿ ಕುಳಿತಿದ್ದರು. "ಈ ವಯಸ್ಸಿಗೆ ನನಗೇಕೆ ಅಷ್ಟು ಖರ್ಚು?" ಎಂದರು. ಎಲ್ಲ ತಾಯಂದಿರೂ ಹೇಳುವ ಮಾತು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ತೋಟದಲ್ಲಿ ನಲವತ್ತು ವರ್ಷ ದುಡಿದ ಹಿರಿಯರೊಬ್ಬರು ಬೇಲಿಯಾಚೆಯ ಮನೆಯಲ್ಲಿದ್ದಾರೆ, ಉಬ್ಬಸದವರು. ಅವರ ಹತ್ತಿರ ಸರಕಾರದ ಕಾರ್ಡು ಇದೆ, ಎರಡು ಸಲ ಅದರಿಂದಲೇ ಆಸ್ಪತ್ರೆಗೆ ಸೇರಿ ಬಂದಿದ್ದಾರೆ. "ಅವನಿಗೆ ಯಾರು ಹಾಕಿಸುತ್ತಾರೆ?" ಎಂದು ಅಮ್ಮಚ್ಚಿ ಕೇಳಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಆಸ್ಪತ್ರೆ ಬಿಲ್ಲಿಗೆ ಎಷ್ಟೋ ಸಲ ನೆರವಾಗಿದ್ದಾರೆ. ಆ ಅರ್ಜಿಗಳಿಗೆ ನಾವೇ ಸಹಿ ಹಾಕಿದ್ದೇವೆ. ಲಸಿಕೆಗೆಂದು ಒಂದು ಅರ್ಜಿಯೂ ನಮ್ಮ ಬಳಿ ಬಂದದ್ದಿಲ್ಲ, ಬರಲಿ ಎಂದು ನಾವು ಹೇಳಿದ್ದೂ ಇಲ್ಲ. ಹಬ್ಬಕ್ಕೆ ಮುಂಚೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಶಿಬಿರ ಮಾಡುತ್ತೇವೆ. ಏಪ್ರಿಲ್-ಮೇ ತಿಂಗಳಲ್ಲಿ ವೈದ್ಯರ ಉಸ್ತುವಾರಿಯಲ್ಲಿ ಹಿರಿಯರಿಗೆ ಫ್ಲೂ ಲಸಿಕೆಯ ಒಂದು ದಿನವನ್ನೂ ಇಟ್ಟುಕೊಳ್ಳಬಹುದು. ಕೊಡಬಲ್ಲವರು ತಮ್ಮದನ್ನು ಕೊಡಲಿ, ಆಗದವರದ್ದನ್ನು ಸಭೆಯವರು ನೋಡಲಿ. ಊರಿಗೆ ಮರಳಿದ ಮೇಲೆ ನಮ್ಮ ಪಾಲನಾ ಸಮಿತಿಯ ಸಭೆಯಲ್ಲಿ ಈ ವಿಷಯ ಇಟ್ಟಿದ್ದೇವೆ. ಚರ್ಚೆ ಇನ್ನೂ ಮುಗಿದಿಲ್ಲ.

ಮೇ ತಿಂಗಳ ಮೊದಲ ವಾರ ಅಣ್ಣ ಫೋನ್ ಮಾಡಿದ್ದರು. ಜೀಪಿನಲ್ಲಿ ಅಮ್ಮಚ್ಚಿಯ ಜೊತೆ ಬೇಲಿಯಾಚೆಯ ಹಿರಿಯರನ್ನೂ ಕೂರಿಸಿಕೊಂಡು ಮಾನಂದವಾಡಿಗೆ ಹೋಗಿದ್ದರಂತೆ. ಅಮ್ಮಚ್ಚಿಗೆ ದಾಕಿನ ಗುರುತಿದ್ದ ಎಡ ತೋಳಿಗೆ ಒಂದು, ಬಲ ತೋಳಿಗೆ ಒಂದು, ಎರಡೂ ಅದೇ ದಿನ ಹಾಕಿದರಂತೆ. ಸಂಜೆ ಸ್ವಲ್ಪ ಮೈಕೈ ನೋವು, ಮರುದಿನ ಇಲ್ಲ. ಆ ಹಿರಿಯರಿಗೆ ಅಂದು ಜ್ವರವಿತ್ತು. ಇಳಿದ ಮೇಲೆ, ಮುಂದಿನ ಗುರುವಾರ ಕರೆದುಕೊಂಡು ಬನ್ನಿ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ.